ಮುಖ ಒಂದು ಕಡೆ, ಬದುಕು ಇನ್ನೊಂದು ಕಡೆ: ಆಟದ ಪಾತ್ರಗಳನ್ನು ಹೊಸ ಕಂಪ್ಯೂಟರಿಗೆ ಕರೆತಂದ ಬಗೆ

ಹೊಸ ಕಂಪ್ಯೂಟರಿಗೆ ಆಟಗಳನ್ನು ಸಾಗಿಸುವುದು ದೊಡ್ಡ ಕೆಲಸವಲ್ಲ. ಖಾತೆಗೆ ಲಾಗಿನ್ ಆದರೆ ಅವು ಎಷ್ಟು ಗಿಗಾಬೈಟ್ ಇದ್ದರೂ ಮತ್ತೆ ಇಳಿದು ಬರುತ್ತವೆ. ತಾವಾಗಿ ಬಾರದೆ ಇರುವವರು ಆ ಆಟಗಳೊಳಗೆ ನಾವು ಗಂಟೆಗಟ್ಟಲೆ ಕೂತು ರೂಪಿಸಿದ ಮನುಷ್ಯರು. ಹುಬ್ಬಿನ ಬಾಗು, ಮೂಗಿನ ತುದಿ, ಕೆನ್ನೆಯ ಮೇಲಿನ ಗಾಯದ ಗುರುತು, ಇವನ್ನೆಲ್ಲ ಸರಿಹೊಂದಿಸಿಕೊಂಡ ಸಂಜೆಗಳನ್ನು ಯಾವ ಆನ್‌ಲೈನ್ ಅಂಗಡಿಯ ಸರ್ವರ್ ಕೂಡ ಮರಳಿ ಡೌನ್‌ಲೋಡ್ ಮಾಡಿ ಕೊಡುವುದಿಲ್ಲ. ನನ್ನ ಹಳೆಯ ಯಂತ್ರ ಇನ್ನೂ ಕೆಲಸ ಮಾಡುತ್ತಿತ್ತು. ಅದು ಕೈಕೊಡುವ ಮೊದಲೇ ದಿ ಸಿಮ್ಸ್ 4ರ ಒಂದು ಕುಟುಂಬ, ಸ್ಕೈರಿಮ್‌ನ ಒಬ್ಬ ನಾಯಕಿ, ಎಲ್ಡನ್ ರಿಂಗ್‌ನ ಒಬ್ಬ ಯೋಧ, ಜೊತೆಗೆ ಸಣ್ಣ ಆಟಗಳ ಕೆಲವರನ್ನು ಸುರಕ್ಷಿತವಾಗಿ ಈಚೆ ತರಬೇಕೆಂದು ನಿರ್ಧರಿಸಿದೆ.

ಕೆಲಸಕ್ಕೆ ಇಳಿದ ಮೇಲೆ ಮೊದಲು ಸ್ಪಷ್ಟವಾದದ್ದು ಇದು: ಪಾತ್ರ ಎಂದರೆ ಒಂದೇ ಫೈಲ್ ಅಲ್ಲ. ಅದರ ಮುಖ ಒಂದು ಕಡೆ ಇರುತ್ತದೆ, ಬದುಕು ಇನ್ನೊಂದು ಕಡೆ. ಅದು ತೊಟ್ಟ ಬಟ್ಟೆ, ಕೂದಲು, ಚರ್ಮದ ಬಣ್ಣ ಹಲವು ಬಾರಿ ಮೂರನೆಯ ಕಡೆಯಿಂದ ಎರವಲು ಬಂದಿರುತ್ತವೆ. ಇದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು, ಯಾಕೆಂದರೆ ಪ್ರತಿ ಆಟವೂ ಈ ಮೂರನ್ನು ತನ್ನದೇ ರೀತಿಯಲ್ಲಿ ಹಂಚಿಟ್ಟಿರುತ್ತದೆ.

ಮುಖವನ್ನು ಸಾಗಿಸುವುದನ್ನು ಬಹಳ ಸುಂದರವಾಗಿ ಬಗೆಹರಿಸಿದ ಆಟವೊಂದಿದೆ: 2008ರ ಸ್ಪೋರ್. ನಾವು ಕಟ್ಟಿದ ಜೀವಿಯನ್ನು ಅದು ಒಂದು ಪುಟ್ಟ ಪಿಎನ್‌ಜಿ ಚಿತ್ರವಾಗಿ ಉಳಿಸುತ್ತದೆ. ಆ ಚಿತ್ರದೊಳಗೇ ಜೀವಿಯನ್ನು ಮತ್ತೆ ಕಟ್ಟಲು ಬೇಕಾದ ಮಾಹಿತಿಯೆಲ್ಲ ಅಡಗಿರುತ್ತದೆ. ಚಿತ್ರವನ್ನು ಇನ್ನೊಂದು ಕಂಪ್ಯೂಟರಿಗೆ ಒಯ್ದು ಆಟದ ಪರದೆಯ ಮೇಲೆ ಎಳೆದು ಬಿಟ್ಟರೆ ಜೀವಿ ಹಾಜರ್. ಚಿತ್ರವನ್ನು ಮತ್ತೆ ಕುಗ್ಗಿಸುವ ಮೆಸೇಜಿಂಗ್ ಆ್ಯಪ್ ಮೂಲಕ ಮಾತ್ರ ಕಳಿಸಬಾರದು. ನೋಡಲು ಹಾಗೇ ಇದ್ದರೂ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಎರಡು ವರ್ಷಗಳ ನಂತರ, 2010ರಲ್ಲಿ ಬಂದ ಮಾಸ್ ಎಫೆಕ್ಟ್ 2 ಬೇರೆ ದಾರಿ ಹಿಡಿಯಿತು. ಮುಖವನ್ನು ಅಕ್ಷರ ಮತ್ತು ಅಂಕಿಗಳ ಒಂದು ಸಂಕೇತವಾಗಿ ತೋರಿಸಿತು. ಅದನ್ನು ಬರೆದಿಟ್ಟುಕೊಂಡು ಬೇರೆಲ್ಲಾದರೂ ಟೈಪ್ ಮಾಡಿದರೆ ಅದೇ ಮುಖ ಬರುತ್ತದೆ. ಆದರೆ ಆ ನಾಯಕ ಹಿಂದಿನ ಆಟದಲ್ಲಿ ಯಾರನ್ನು ಉಳಿಸಿದ, ಯಾರನ್ನು ಕಳೆದುಕೊಂಡ ಎಂಬುದು ಸಂಕೇತದಲ್ಲಿಲ್ಲ. ಅದಕ್ಕೆ ಆಟ ಎಲ್ಲಿಯವರೆಗೆ ಬಂದಿದೆ ಎಂದು ಬರೆದಿಟ್ಟ ಹಳೆಯ ಆಟದ ಸೇವ್ ಫೈಲೇ ಬೇಕು. ಮುಖ ಬೇರೆ, ಬದುಕು ಬೇರೆ ಎಂಬುದು ನನ್ನ ತಲೆಯಲ್ಲಿ ಕೂತದ್ದು ಈ ಆಟದಿಂದಲೇ.

ಈಗ ಸಿಮ್ಸ್ ಕುಟುಂಬಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆ ಮನೆಯ ಹಿರಿಯ ಹೆಂಗಸಿಗೆ ಸುಮತಿ ಎಂದು ಹೆಸರಿಟ್ಟಿದ್ದೇನೆ. ಮುಖವನ್ನು ನನ್ನ ಅಜ್ಜಿಯ ಒಂದು ಫೋಟೋ ಎದುರಿಗಿಟ್ಟುಕೊಂಡು ಮಾಡಿದ್ದು. ಆಕೆಯ ಮಕ್ಕಳು, ಮೊಮ್ಮಕ್ಕಳು ಆಟದೊಳಗೇ ಹುಟ್ಟಿದವರು. ಹಾಗಾಗಿ ಅವರ ಮುಖಗಳಲ್ಲಿ ಆಕೆಯ ಛಾಯೆ ತಾನಾಗಿ ಇಳಿದಿದೆ. ಇದನ್ನು ಇನ್ನೊಮ್ಮೆ ಕೂತು ಮಾಡಲು ಆಗುವುದಿಲ್ಲ.

2014ರಲ್ಲಿ ಬಂದ ಈ ಆಟ ತನ್ನೆಲ್ಲ ವೈಯಕ್ತಿಕ ಫೈಲ್‌ಗಳನ್ನು ಡಾಕ್ಯುಮೆಂಟ್ಸ್ ಒಳಗಿನ ಎಲೆಕ್ಟ್ರಾನಿಕ್ ಆರ್ಟ್ಸ್ ಫೋಲ್ಡರಿನಲ್ಲಿ ಇಡುತ್ತದೆ. ಅಲ್ಲಿ ನಮಗೆ ಬೇಕಾದ ಮೂರು ಕೋಣೆಗಳಿವೆ: ಸೇವ್ಸ್, ಟ್ರೇ, ಮಾಡ್ಸ್. ಸೇವ್ಸ್‌ನಲ್ಲಿ ಬದುಕು, ಟ್ರೇಯಲ್ಲಿ ಮುಖ, ಮಾಡ್ಸ್‌ನಲ್ಲಿ ಎರವಲು ತಂದ ಬಟ್ಟೆಬರೆ. ಸೇವ್ಸ್ ತೆರೆದರೆ ಸ್ಲಾಟ್ ಎಂದು ಶುರುವಾಗುವ ಹೆಸರುಗಳು ಕಾಣುತ್ತವೆ. ಒಂದೊಂದು ಸೇವ್‌ಗೂ ವರ್0ರಿಂದ ವರ್4ರವರೆಗೆ ಐದು ಹಳೆಯ ಪ್ರತಿಗಳನ್ನು ಆಟವೇ ಕಾಪಾಡಿಕೊಂಡಿರುತ್ತದೆ. ಜಾಗ ಉಳಿಸಲು ಇವನ್ನು ಬಿಟ್ಟು ಬರಬಾರದು. ಮುಖ್ಯ ಫೈಲ್ ಕೆಟ್ಟರೆ ಆಟದೊಳಗಿನ ರಿಕವರ್ ಆಯ್ಕೆಗೆ ಆಧಾರ ಇವೇ.

ಟ್ರೇ ನೋಡಿದರೆ ಮೊದಲು ಗಾಬರಿಯಾಗುತ್ತದೆ. ಸೊನ್ನೆ, ಎಕ್ಸ್, ಉದ್ದುದ್ದ ಅಂಕಿ, ನಡುವೆ ಆಶ್ಚರ್ಯಸೂಚಕ ಚಿಹ್ನೆ, ಹೀಗೆ ಯಾರದೆಂದು ತಿಳಿಯದ ನೂರಾರು ಹೆಸರುಗಳು. ಒಂದು ಕುಟುಂಬಕ್ಕೆ ನಾಲ್ಕು ಬಗೆಯ ಫೈಲ್‌ಗಳು ಸೇರಿರುತ್ತವೆ: ಟ್ರೇಐಟಮ್, ಹೌಸ್‌ಹೋಲ್ಡ್‌ಬೈನರಿ, ಎಚ್‌ಎಚ್‌ಐ, ಎಸ್‌ಜಿಐ. ಹೌಸ್‌ಹೋಲ್ಡ್‌ಬೈನರಿಯಲ್ಲಿ ಜನರ ವಿವರ, ಎಚ್‌ಎಚ್‌ಐಯಲ್ಲಿ ಕುಟುಂಬದ ಚಿತ್ರ, ಎಸ್‌ಜಿಐಯಲ್ಲಿ ಒಬ್ಬೊಬ್ಬರ ಚಿತ್ರ. ಬ್ಲೂಪ್ರಿಂಟ್, ಬಿಪಿಐ ಎಂಬವು ಕಂಡರೆ ಅವು ಮನೆಯ ಕಟ್ಟಡದವು, ಮನುಷ್ಯರವಲ್ಲ. ಈ ರಾಶಿಯಲ್ಲಿ ನಮ್ಮವರನ್ನು ಗುರುತಿಸಲು ಸರಳ ಉಪಾಯವೊಂದಿದೆ. ಆಟ ತೆರೆದು ಕುಟುಂಬವನ್ನು ಆಟದೊಳಗಿನ ಲೈಬ್ರರಿಗೆ (ಅದರ ಫೈಲ್‌ಗಳೇ ಟ್ರೇಯಲ್ಲಿರುವುದು) ಹೊಸದಾಗಿ ಉಳಿಸಬೇಕು, ಹೊರಬಂದು ಟ್ರೇ ಫೋಲ್ಡರನ್ನು ಬದಲಾದ ದಿನಾಂಕದ ಪ್ರಕಾರ ಜೋಡಿಸಬೇಕು. ಈಗಷ್ಟೇ, ಒಂದೇ ನಿಮಿಷದಲ್ಲಿ ಹುಟ್ಟಿದ ಫೈಲ್‌ಗಳೆಲ್ಲ ಮೇಲಕ್ಕೆ ಬಂದು ನಿಲ್ಲುತ್ತವೆ. ಅಷ್ಟನ್ನೂ, ಒಂದನ್ನೂ ಬಿಡದೆ ನಕಲು ಮಾಡಿದರೆ ಕುಟುಂಬ ಪೂರ್ತಿ ಬಂತು.

ಆದರೂ ಲೈಬ್ರರಿಯಲ್ಲಿ ಉಳಿಸಿದ್ದು ಸಾಕು ಎಂದುಕೊಳ್ಳಬಾರದು. ಒಂದೇ ಮನೆಯವರ ನಡುವಿನ ಸಂಬಂಧಗಳು ಟ್ರೇ ಜೊತೆ ಬರುತ್ತವೆ. ಮನೆಯ ಹೊರಗಿನವರ ಜೊತೆಗಿನ ಸ್ನೇಹ, ಪ್ರೀತಿ, ಜಗಳ ಯಾವುದೂ ಬರುವುದಿಲ್ಲ. ಒಂದು ಮನೆಯಲ್ಲಿ ಎಂಟು ಜನರಷ್ಟೇ ಇರಬಹುದು. ನನ್ನ ಸುಮತಿಯ ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗಿದ್ದಾಳೆ. ಟ್ರೇ ಮೂಲಕ ತಂದರೆ ತಾಯಿ ಮಗಳು ಹೊಸ ಊರಿನಲ್ಲಿ ಅಪರಿಚಿತರಾಗುತ್ತಾರೆ. ಹಾಗಾಗಿ ಸೇವ್ಸ್ ಫೋಲ್ಡರನ್ನು ಇಡಿಯಾಗಿ ಒಯ್ದೆ. ಟ್ರೇಯನ್ನು ಕೊನೆಗೊಂದು ಆಸರೆಯಾಗಿ ಇಟ್ಟುಕೊಂಡೆ: ಬದುಕು ಹಾಳಾದರೂ ಮುಖಗಳಾದರೂ ಉಳಿಯಲಿ ಎಂದು.

ಮಾಡ್ಸ್ ಫೋಲ್ಡರಿನ ಕಥೆ ಬೇರೆ. ವರ್ಷಗಳಿಂದ ಸೇರಿಸಿದ ಕಸ್ಟಮ್ ಕಂಟೆಂಟ್, ಅಂದರೆ ಬೇರೆ ಆಟಗಾರರು ಮಾಡಿದ ಬಟ್ಟೆ, ಕೂದಲು ಇತ್ಯಾದಿ, ಅಲ್ಲಿ ಗುಡ್ಡೆ ಬಿದ್ದಿತ್ತು, ಅದರಲ್ಲಿ ಹೆಚ್ಚಿನದನ್ನು ಯಾರೂ ತೊಟ್ಟಿರಲಿಲ್ಲ. ಇದಕ್ಕೆಂದೇ ಆಟಗಾರರು ಮಾಡಿಕೊಂಡಿರುವ ಸಿಮ್ಸ್ 4 ಟ್ರೇ ಇಂಪೋರ್ಟರ್ ಎಂಬ ಸಾಧನವಿದೆ. ಒಂದು ಕುಟುಂಬವನ್ನು ಆರಿಸಿದರೆ ಅವರು ಬಳಸುತ್ತಿರುವ ಕಸ್ಟಮ್ ಕಂಟೆಂಟ್ ಯಾವ ಯಾವ ಪ್ಯಾಕೇಜ್ ಫೈಲಿನಲ್ಲಿದೆ ಎಂದು ಅದು ಪಟ್ಟಿ ಕೊಡುತ್ತದೆ. ಬೇಕಾದರೆ ಟ್ರೇ ಫೈಲ್‌ಗಳ ಸಮೇತ ಒಂದು ಜಿಪ್‌ಗೆ ಕಟ್ಟಿಯೂ ಕೊಡುತ್ತದೆ. ಸುಮತಿಯ ನರೆಗೂದಲು, ಕಣ್ಣಿನ ಕೆಳಗಿನ ಸುಕ್ಕು, ಮೂಗುತಿ ಎಲ್ಲ ಎಲ್ಲಿಂದ ಬಂದವು ಎಂಬುದನ್ನು ಅಲ್ಲಿ ನೋಡಿದೆ. ಈ ಪ್ಯಾಕೇಜ್‌ಗಳು ಇಲ್ಲದೆ ಕುಟುಂಬವನ್ನು ತೆರೆದರೆ ಕೂದಲಿಲ್ಲದ ಬೋಳು ತಲೆ ಕಾಣುತ್ತದೆ. ಮುಖದ ರಚನೆ ಇರುತ್ತದೆ, ಆ ಮುಖವನ್ನು ಅಜ್ಜಿಯದಾಗಿಸಿದ ಸಣ್ಣ ಸಣ್ಣ ಗುರುತುಗಳು ಇರುವುದಿಲ್ಲ.

ಹೊಸ ಯಂತ್ರದಲ್ಲಿ ಆಟ ಇನ್‌ಸ್ಟಾಲ್ ಮಾಡಿ, ಒಮ್ಮೆ ಸುಮ್ಮನೆ ತೆರೆದು ಮುಚ್ಚಿದೆ. ಫೋಲ್ಡರ್‌ಗಳನ್ನು ಆಟವೇ ಸರಿಯಾದ ಜಾಗದಲ್ಲಿ ಹುಟ್ಟಿಸಲಿ ಎಂದು ಹೀಗೆ ಮಾಡುವುದು. ಹಳೆಯದರಲ್ಲೂ ಹೊಸದರಲ್ಲೂ ಆಟದ ಆವೃತ್ತಿ ಒಂದೇ ಇರುವಂತೆ ಮೊದಲೇ ಅಪ್‌ಡೇಟ್ ಮಾಡಿಟ್ಟಿದ್ದೆ, ನನ್ನ ಬಳಿಯಿರುವ ಮೂರೂ ಎಕ್ಸ್‌ಪ್ಯಾನ್ಶನ್ ಪ್ಯಾಕ್‌ಗಳನ್ನೂ ಹಾಕಿಸಿದ್ದೆ. ಇಲ್ಲವಾದರೆ ಆ ಪ್ಯಾಕ್‌ಗಳ ಬಟ್ಟೆ ಬೇರೇನೋ ಆಗಿಬಿಡುತ್ತದೆ. ನಂತರ ಮಾಡ್ಸ್, ಆಮೇಲೆ ಟ್ರೇ, ಕೊನೆಗೆ ಸೇವ್ಸ್. ಲೋಕಲ್‌ಥಂಬ್‌ಕ್ಯಾಶ್ ಎಂಬ ಫೈಲನ್ನು ಅಳಿಸಿದೆ. ಅದು ಬರೀ ತಾತ್ಕಾಲಿಕ ಚಿತ್ರಗಳ ಸಂಗ್ರಹ, ಆಟ ಮತ್ತೆ ಕಟ್ಟಿಕೊಳ್ಳುತ್ತದೆ. ಆಟದ ನಡವಳಿಕೆಯನ್ನೇ ಬದಲಿಸುವ ಸ್ಕ್ರಿಪ್ಟ್ ಮಾಡ್‌ಗಳನ್ನು ಒಂದು ಉಪಫೋಲ್ಡರಿಗಿಂತ ಆಳದಲ್ಲಿ ಹಾಕಿದರೆ ಆಟ ಓದುವುದಿಲ್ಲ, ಹಾಗಾಗಿ ಅವನ್ನು ಮೇಲೆಯೇ ಇಟ್ಟೆ. ಆಟದ ಆಯ್ಕೆಗಳಲ್ಲಿ ಕಸ್ಟಮ್ ಕಂಟೆಂಟ್ ಮತ್ತು ಸ್ಕ್ರಿಪ್ಟ್‌ಗಳಿಗೆ ಅನುಮತಿ ಕೊಟ್ಟು ಆಟವನ್ನು ಮತ್ತೆ ಶುರುಮಾಡಿದೆ. ಲೈಬ್ರರಿ ಖಾಲಿಯಾಗಿ ಕಂಡರೆ ಹೆದರಬೇಕಿಲ್ಲ. ಅಲ್ಲಿನ ಫಿಲ್ಟರ್‌ಗಳಲ್ಲಿ ಕಸ್ಟಮ್ ಕಂಟೆಂಟ್ ಸೇರಿಸು ಎಂಬ ಗುರುತು ಹಾಕುವವರೆಗೆ ಇಂಥ ಕುಟುಂಬಗಳು ತೋರುವುದೇ ಇಲ್ಲ. ಗುರುತು ಹಾಕಿದೆ, ಸುಮತಿಯ ಮನೆ ಪೂರ್ತಿ ಬಂತು. ಸೇವ್ ತೆರೆದಾಗ ಮಗಳ ಹೆಸರೂ ಆಕೆಯ ಸಂಪರ್ಕಗಳಲ್ಲಿತ್ತು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಸ್ಕೈರಿಮ್ ಸ್ಪೆಷಲ್ ಎಡಿಷನ್‌ದು ಇದಕ್ಕಿಂತ ಬಿಗಿಯಾದ ಗಂಟು. ಇಲ್ಲಿ ಪಾತ್ರದ ಬದುಕು ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್ ಒಳಗೆ ಇಎಸ್‌ಎಸ್ ಎಂಬ ಫೈಲ್‌ಗಳಲ್ಲಿರುತ್ತದೆ. ಫೈಲಿನ ಹೆಸರನ್ನು ಗಮನವಿಟ್ಟು ಓದಿದರೆ ಅದರಲ್ಲಿ ಪಾತ್ರದ ಹೆಸರು ಹೆಕ್ಸಾಡೆಸಿಮಲ್ (ಹದಿನಾರರ ಲೆಕ್ಕದ) ಅಂಕಿಗಳಾಗಿ, ಜೊತೆಗೆ ನಿಂತ ಜಾಗ, ದಿನಾಂಕ ಎಲ್ಲವೂ ಇದೆ. ಒಂದೇ ಫೋಲ್ಡರಿನಲ್ಲಿ ಹಲವು ಪಾತ್ರಗಳ ಸೇವ್‌ಗಳು ಬೆರೆತಿರುವಾಗ ನಮ್ಮವಳನ್ನು ಹುಡುಕಲು ಇದು ಉಪಯೋಗ. ಮಾಡ್‌ಗಳಿಗೆ ಹೆಚ್ಚಿನ ಶಕ್ತಿ ಕೊಡುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಬಳಸುವವರ ಬಳಿ ಅದೇ ಹೆಸರಿನ ಎಸ್‌ಕೆಎಸ್‌ಇ ಫೈಲ್ ಕೂಡ ಇರುತ್ತದೆ. ಈ ಜೋಡಿಯನ್ನು ಬೇರ್ಪಡಿಸಬಾರದು. ಇಎಸ್‌ಎಸ್ ಒಂದೇ ಬಂದರೂ ಆಟ ತೆರೆಯುತ್ತದೆ, ಆದರೆ ಮಾಡ್‌ಗಳು ಪಾತ್ರದ ಬಗ್ಗೆ ಬರೆದಿಟ್ಟುಕೊಂಡ ಟಿಪ್ಪಣಿಗಳು ಹಿಂದೆ ಉಳಿದುಬಿಡುತ್ತವೆ.

ಮಾಡ್‌ಗಳನ್ನು ನೋಡಿಕೊಳ್ಳಲು ನಾನು ಮಾಡ್ ಆರ್ಗನೈಸರ್ 2 ಎಂಬ ಸಾಧನ ಬಳಸುತ್ತೇನೆ. ಅದರಲ್ಲಿ ಒಂದೊಂದು ಪ್ರೊಫೈಲ್‌ಗೂ ಪ್ರತ್ಯೇಕ ಸೇವ್ ಇಡುವ ಆಯ್ಕೆ ಹಾಕಿದ್ದರೆ ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿ ಇರುವುದೇ ಇಲ್ಲ, ಪ್ರೊಫೈಲ್ ಫೋಲ್ಡರಿನಲ್ಲಿ ಇರುತ್ತವೆ. ರೇಸ್‌ಮೆನು ಎಂಬ ಮಾಡ್ ಉಳಿಸಿಕೊಡುವ ಮುಖದ ಪ್ರಿಸೆಟ್ (ಮುಖದ ಹೊಂದಿಕೆಗಳ ದಾಖಲೆ) ಇನ್ನೂ ಬೇರೆ ಕಡೆ, ಓವರ್‌ರೈಟ್ ಎಂಬ ಫೋಲ್ಡರಿನ ಆಳದಲ್ಲಿ, ಕ್ಯಾರ್‌ಜೆನ್ ಒಳಗಿನ ಪ್ರಿಸೆಟ್ಸ್‌ನಲ್ಲಿ ಕೂತಿರುತ್ತದೆ. ಅದು ಜೆಸ್ಲಾಟ್ ಎಂಬ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಲು ಬರುತ್ತದೆ! ಮುಖದ ಅಳತೆ ಹೊಂದಿಸುವ ಯಾವ ಸ್ಲೈಡರ್ ಎಷ್ಟಕ್ಕೆ ನಿಂತಿದೆ, ಕೂದಲು ಯಾವ ಪ್ಲಗಿನ್‌ನದು (ಮಾಡ್‌ನ ಫೈಲಿನದು), ಹುಬ್ಬು ಯಾವುದರದು ಎಲ್ಲ ಅಕ್ಷರದಲ್ಲೇ ಇದೆ. ನನ್ನ ನಾಯಕಿ ಭೈರವಿಯ ಮುಖವನ್ನು ಹೀಗೆ ಸಾಲುಸಾಲಾಗಿ ಓದಿದಾಗ, ಅವಳ ಮೂಗಿಗೆ ನಾನು ಕೊಟ್ಟ ಸಣ್ಣ ಓರೆಯೂ ಒಂದು ದಶಮಾಂಶ ಸಂಖ್ಯೆಯಾಗಿ ಸಿಕ್ಕಿತು.

ಭೈರವಿಯನ್ನು ಸಾಗಿಸುವಾಗ ನಿಜವಾಗಿ ಸಾಗಿಸಬೇಕಾದದ್ದು ಅವಳ ಲೋಕವನ್ನು. ಸೇವ್ ಫೈಲಿನಲ್ಲಿ ಅದು ಉಳಿದ ಹೊತ್ತಿನಲ್ಲಿ ಇದ್ದ ಪ್ಲಗಿನ್‌ಗಳ ಪಟ್ಟಿ ಇರುತ್ತದೆ. ತೆರೆಯುವಾಗ ಅದರಲ್ಲಿ ಯಾವುದಾದರೂ ಇಲ್ಲದಿದ್ದರೆ, ಈ ಸೇವ್ ಅವಲಂಬಿಸಿರುವ ವಸ್ತು ಈಗ ಇಲ್ಲ ಎಂದು ಆಟ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ದಾಟಿ ಒಳಗೆ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಳೆದ ವಸ್ತುಗಳಿಲ್ಲದೆ ಮತ್ತೆ ಸೇವ್ ಮಾಡಿದರೆ ಅವು ಆ ಸೇವ್‌ನಿಂದಲೂ ಹೋದಂತೆ. ನಾನು ಮಾಡ್ ಆರ್ಗನೈಸರಿನ ಪೋರ್ಟಬಲ್ ಫೋಲ್ಡರನ್ನೇ ಇಡಿಯಾಗಿ ನಕಲು ಮಾಡಿದೆ. ಮಾಡ್‌ಗಳು, ಪ್ರೊಫೈಲ್‌ಗಳು, ಓವರ್‌ರೈಟ್ ಎಲ್ಲ ಒಟ್ಟಿಗೆ ಬಂದವು. ಹೊಸ ಯಂತ್ರದಲ್ಲಿ ಆಟ ಎಲ್ಲಿದೆ ಎಂಬ ದಾರಿಯನ್ನಷ್ಟೇ ತಿದ್ದಿದೆ.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಆಟದ ನಿರ್ದಿಷ್ಟ ಆವೃತ್ತಿಗೆ ಅಂಟಿಕೊಂಡಿರುತ್ತದೆ. 2021ರ ನವೆಂಬರಿನಲ್ಲಿ ಆಟ 1.6ರ ಸರಣಿಗೆ ಏರಿದಾಗ 1.5.97ಕ್ಕೆಂದು ಬರೆದ ಪ್ಲಗಿನ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಹಳೆಯ ಯಂತ್ರದಲ್ಲಿ ಒಂದು ಆವೃತ್ತಿ, ಹೊಸದರಲ್ಲಿ ಇನ್ನೊಂದು ಇಳಿದರೆ, ಎಲ್ಲ ಫೈಲ್‌ಗಳು ಸರಿಯಾಗಿ ಬಂದಿದ್ದರೂ ಆಟ ಮೇಲೇಳುವುದಿಲ್ಲ. ಹಾಗಾಗಿ ಹೊರಡುವ ಮೊದಲೇ ಆಟದ ಮುಖ್ಯ ಎಕ್ಸಿ ಫೈಲಿನ ಪ್ರಾಪರ್ಟೀಸ್‌ನಲ್ಲಿ ಆವೃತ್ತಿ ಸಂಖ್ಯೆ ನೋಡಿ ಬರೆದಿಟ್ಟುಕೊಂಡಿದ್ದೆ.

ಎಲ್ಡನ್ ರಿಂಗ್ ಎದುರಿಗಿಟ್ಟ ಸವಾಲೇ ಬೇರೆ. ಮಾಡ್‌ಗಳ ಗೊಡವೆ ಇಲ್ಲ, ಎಲ್ಲವೂ ಆಪ್‌ಡೇಟಾ ಒಳಗಿನ ರೋಮಿಂಗ್‌ನಲ್ಲಿ ಇಆರ್0000 ಎಂಬ ಒಂದೇ ಎಸ್‌ಎಲ್2 ಫೈಲ್. ಆಪ್‌ಡೇಟಾ ಮರೆಮಾಡಿದ ಫೋಲ್ಡರ್, ಹಾಗಾಗಿ ಎಕ್ಸ್‌ಪ್ಲೋರರಿನ ವ್ಯೂನಲ್ಲಿ ಮರೆಯಲ್ಲಿರುವುದನ್ನು ತೋರಿಸು ಎಂದು ಹಾಕಿಕೊಂಡರಷ್ಟೇ ಕಾಣುತ್ತದೆ. ಹತ್ತು ಪಾತ್ರಗಳವರೆಗೂ ಆ ಒಂದೇ ಫೈಲಿನಲ್ಲಿರುತ್ತವೆ. ಒಬ್ಬನನ್ನು ಮಾತ್ರ ಆಯ್ದು ತರುವ ದಾರಿ ಆಟದಲ್ಲಿಲ್ಲ. ಹೊಸ ಯಂತ್ರದಲ್ಲಿ ಆಗಲೇ ಯಾರನ್ನಾದರೂ ಮಾಡಿದ್ದರೆ ಹಳೆಯ ಫೈಲ್ ಬಂದು ಅವರನ್ನು ಅಳಿಸುತ್ತದೆ. ಫೈಲ್ ಇರುವ ಫೋಲ್ಡರಿನ ಹೆಸರು 17 ಅಂಕಿಗಳ ಸಂಖ್ಯೆ, ಆಟ ಕೊಂಡ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಖಾತೆಯ ಗುರುತು. ಫೈಲಿನ ಒಳಗೂ ಆ ಗುರುತು ಬರೆದಿರುತ್ತದೆ. ನನ್ನದೇ ಖಾತೆಯಾದ್ದರಿಂದ ನನ್ನ ಯೋಧ ನಕಲು ಮಾಡಿದ ತಕ್ಷಣ ಎದ್ದು ನಿಂತ.

ಅವನ ಮುಖ ತನಗೂ ಬೇಕು ಎಂದು ತಂಗಿ ಕೇಳಿದಳು. ಅವಳ ಖಾತೆ ಬೇರೆ. ಆ ಫೈಲನ್ನು ಅವಳ ಫೋಲ್ಡರಿನಲ್ಲಿ ಇಟ್ಟರೆ ಆಟ ಒಪ್ಪುವುದಿಲ್ಲ. ಗುರುತಿನ ಸಂಖ್ಯೆಯನ್ನು ತಿದ್ದಿಕೊಡುವ ಸಾಧನಗಳಿವೆ, ಆದರೆ ಆನ್‌ಲೈನ್ ಆಡುವ ಖಾತೆಯಲ್ಲಿ ತಿದ್ದಿದ ಸೇವ್ ಬಳಸಿ ನಿಷೇಧದ ಅಪಾಯ ತಂದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಮಾಸ್ ಎಫೆಕ್ಟ್‌ನಂಥ ಸಂಕೇತವೂ ಇಲ್ಲಿಲ್ಲ. ಆದರೆ ಮುಖದ ಒಂದೊಂದು ಸ್ಲೈಡರಿಗೂ 0ಯಿಂದ 255ರವರೆಗೆ ಸ್ಪಷ್ಟ ಸಂಖ್ಯೆಯಿದೆ. ಆಟದೊಳಗಿನ ತಂಗುದಾಣವಾದ ರೌಂಡ್‌ಟೇಬಲ್ ಹೋಲ್ಡ್‌ನಲ್ಲಿರುವ ಕನ್ನಡಿಯ ಮುಂದೆ ಕೂತು ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದೆ: ಮುಖದ ಆಕಾರ, ಕಣ್ಣುಗುಳಿ, ದವಡೆ, ತುಟಿ, ಚರ್ಮದ ಬಣ್ಣದ ಮೂರು ಪಾಲು. ತಂಗಿ ಅವನ್ನು ನೋಡುತ್ತ ಒಂದೊಂದೇ ಸಂಖ್ಯೆ ತುಂಬಿದಳು. ಅರ್ಧ ದಾರಿಯವರೆಗೆ ಯಾರೋ ಅಪರಿಚಿತ, ದವಡೆಯ ಪುಟ ಮುಗಿಯುತ್ತಿದ್ದಂತೆ ಪರದೆಯಲ್ಲಿ ಅವನೇ. ಈ ವಿಧಾನಕ್ಕೆ ಖಾತೆ, ಯಂತ್ರ, ಆವೃತ್ತಿ ಯಾವುದರ ಹಂಗೂ ಇಲ್ಲ. ಸಾಗಿಸುವ ಅಗತ್ಯ ಇಲ್ಲದಿದ್ದರೂ ಇಷ್ಟದ ಪಾತ್ರಗಳ ಸ್ಲೈಡರ್ ಪುಟಗಳನ್ನು ಈಗ ಚಿತ್ರ ತೆಗೆದಿಡುತ್ತೇನೆ.

ಸಣ್ಣ ಆಟಗಳು ಬೇಗ ಮುಗಿದವು. ಟೆರೇರಿಯಾದಲ್ಲಿ ಪಾತ್ರಗಳು ಪ್ಲೇಯರ್ಸ್ ಫೋಲ್ಡರಿನಲ್ಲಿ, ಲೋಕಗಳು ವರ್ಲ್ಡ್ಸ್‌ನಲ್ಲಿ ಬೇರೆಬೇರೆಯಾಗಿ ಇರುತ್ತವೆ. ಪಾತ್ರ ತನ್ನ ಸರಕಿನ ಸಮೇತ ಯಾವ ಲೋಕಕ್ಕೆ ಬೇಕಾದರೂ ನಡೆದು ಹೋಗಬಹುದು. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಸೇವ್ ಫೋಲ್ಡರಿನ ಹೆಸರೂ ಒಳಗಿನ ಮುಖ್ಯ ಫೈಲಿನ ಹೆಸರೂ ಒಂದೇ ಇರಬೇಕು, ಸೇವ್‌ಗೇಮ್‌ಇನ್ಫೋ ಎಂಬ ಪುಟ್ಟ ಫೈಲ್ ಜೊತೆಗಿರಬೇಕು, ಅಷ್ಟೇ. ಬಾಲ್ಡರ್ಸ್ ಗೇಟ್ 3, ಅದರ ತಯಾರಕರಾದ ಲೇರಿಯನ್‌ನ ನನ್ನ ಖಾತೆಗೆ ಜೋಡಿಸಿದ ಕ್ರಾಸ್ ಸೇವ್ (ಯಂತ್ರಗಳ ನಡುವೆ ಸೇವ್ ಹಂಚುವ ಸೌಲಭ್ಯ) ಮೂಲಕ ತಾನೇ ಬಂತು. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಸ್ಟೀಮ್ ಮೂಲಕ ಆಡುವವರು ಇದೇ ಫೋಲ್ಡರ್‌ಗಳನ್ನು ಕಾಂಪ್ಯಾಟ್‌ಡೇಟಾ ಒಳಗೆ ಆಟದ ಸಂಖ್ಯೆಯ ಹೆಸರಿನಲ್ಲಿ ಹುಡುಕಬೇಕು. ಎಲ್ಡನ್ ರಿಂಗ್‌ಗೆ ಅದು 1245620. ಯಾವ ಆಟದ ಸೇವ್ ಎಲ್ಲಿ ಎಂದು ತಿಳಿಯದಾದಾಗ ಪಿಸಿಗೇಮಿಂಗ್‌ವಿಕಿ ಎಂಬ ಜಾಲತಾಣ ನೋಡಿದೆ. ಆ ಮಾಹಿತಿಯನ್ನೇ ಆಧರಿಸಿ ಸೇವ್‌ಗಳನ್ನು ತಾನೇ ಹುಡುಕಿ ನಕಲು ಮಾಡುವ ಲುಡುಸಾವಿ ಎಂಬ ಉಚಿತ ಸಾಧನವೂ ಬಹಳ ಒಳ್ಳೆಯದು.

ನಕಲು ಮಾಡುವ ಕೆಲಸಕ್ಕೂ ಅದರದೇ ಶಿಸ್ತು ಬೇಕು. ನನ್ನ ಪೆನ್ ಡ್ರೈವ್ ಫ್ಯಾಟ್32 ಮಾದರಿಯದು, ಅದರಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡೆ. ಮಾಡ್‌ಗಳಂಥ ಸಾವಿರಾರು ಚಿಕ್ಕ ಫೈಲ್‌ಗಳು ಬಿಡಿಬಿಡಿಯಾಗಿ ಹೋಗಲು ತುಂಬ ನಿಧಾನ, ಒಂದು ಜಿಪ್ ಮಾಡಿದರೆ ಸರಾಗ. ಜಿಪ್ ಬಿಚ್ಚುವಾಗ ಮಾತ್ರ ಫೋಲ್ಡರ್‌ಗಳ ಆಳದಲ್ಲಲ್ಲ, ಡ್ರೈವಿನ ಮೊದಲ ಹಂತದ ಹತ್ತಿರವೇ ಬಿಚ್ಚಬೇಕು. ವಿಂಡೋಸ್‌ನ ಹಲವು ಭಾಗಗಳು ಇಂದಿಗೂ 260 ಅಕ್ಷರಗಳಿಗಿಂತ ಉದ್ದದ ದಾರಿಯನ್ನು ಒಪ್ಪುವುದಿಲ್ಲ, ಕಸ್ಟಮ್ ಕಂಟೆಂಟ್ ಮಾಡುವವರಿಗೆ ಉದ್ದ ಹೆಸರುಗಳೆಂದರೆ ಪ್ರೀತಿ. ಜಿಪ್ ಪೂರ್ತಿ ಬಂದಿದೆಯೇ ಎಂದು ಎರಡೂ ಕಡೆ ಸರ್ಟ್‌ಯುಟಿಲ್ ಆಜ್ಞೆಯಿಂದ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿದೆ. ಡಾಕ್ಯುಮೆಂಟ್ಸ್ ಫೋಲ್ಡರ್ ನಿಜವಾಗಿ ಎಲ್ಲಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಕ್ಲೌಡ್ ಬ್ಯಾಕಪ್ ಚಾಲೂ ಇದ್ದರೆ ಅದು ಬೇರೆ ಜಾಗಕ್ಕೆ ತಿರುಗಿರಬಹುದು. ಆಗ ಒಂದೇ ಹೆಸರಿನ ಎರಡು ಡಾಕ್ಯುಮೆಂಟ್ಸ್ ಇದ್ದು, ಆಟ ನೋಡುವುದು ಅದರಲ್ಲಿ ಒಂದನ್ನು ಮಾತ್ರ.

ಸೇವ್‌ಗಳನ್ನು ಅಂತರ್ಜಾಲದಲ್ಲಿ ಇಡುವ ಸ್ಟೀಮ್ ಕ್ಲೌಡ್ ಇರುವ ಆಟಗಳಲ್ಲಿ ಮೊದಲು ಆಟದ ಪ್ರಾಪರ್ಟೀಸ್‌ಗೆ ಹೋಗಿ ಕ್ಲೌಡ್ ಆಫ್ ಮಾಡಿಟ್ಟೆ. ನಂತರ ಹಳೆಯ ಫೈಲ್ ಇಟ್ಟು, ಆಟ ತೆರೆದು, ಪಾತ್ರ ಸರಿಯಿದೆ ಎಂದು ಕಂಡ ಮೇಲೆ ಮತ್ತೆ ಆನ್ ಮಾಡಿದೆ. ಆಗ ಎರಡು ಪ್ರತಿಗಳು ಹೊಂದುತ್ತಿಲ್ಲ, ಯಾವುದು ಇರಲಿ ಎಂದು ಸ್ಟೀಮ್ ಕೇಳುತ್ತದೆ. ಆ ಕಿಟಕಿಯಲ್ಲಿ ಎರಡರ ದಿನಾಂಕವೂ ಇರುತ್ತದೆ. ಅವಸರ ಬೇಡ, ಆ ದಿನಾಂಕ ಓದಿಯೇ ಒತ್ತಬೇಕು. ಇಡೀ ಸಾಗಣೆಯಲ್ಲಿ ಹಿಂದಕ್ಕೆ ಹೋಗಲಾಗದ ಗುಂಡಿ ಇದೊಂದೇ.

ಪಾತ್ರ ಪರದೆಯ ಮೇಲೆ ಕಂಡ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ನಾನು ಒಪ್ಪುವುದಿಲ್ಲ. ಒಬ್ಬೊಬ್ಬರನ್ನೂ ಹೊಸ ಯಂತ್ರದಲ್ಲಿ ಸ್ವಲ್ಪ ಹೊತ್ತು ಆಡಿಸಿ, ಹೊಸ ಸ್ಲಾಟಿನಲ್ಲಿ ಸೇವ್ ಮಾಡಿ, ಆಟ ಪೂರ್ತಿ ಮುಚ್ಚಿ, ಆ ಹೊಸ ಸೇವ್‌ನಿಂದಲೇ ಮತ್ತೆ ತೆರೆದೆ. ಭೈರವಿಯ ಜಡೆ ಬಂದಿದೆಯೇ, ಸುಮತಿಯ ಮಗಳು ಅಮ್ಮನನ್ನು ಗುರುತಿಸುತ್ತಾಳೆಯೇ, ಯೋಧನ ಖಡ್ಗ ಅದೇ ಮಟ್ಟದಲ್ಲಿದೆಯೇ ಎಂದು ಹಳೆಯ ಯಂತ್ರದಲ್ಲಿ ತೆಗೆದಿಟ್ಟ ಚಿತ್ರಗಳ ಜೊತೆ ಹೋಲಿಸಿ ನೋಡಿದೆ. ಎಲ್ಲರೂ ಈ ಪರೀಕ್ಷೆ ದಾಟಿದ ಮೇಲೆಯೇ ಹಳೆಯ ಡಿಸ್ಕನ್ನು ಯಂತ್ರದಿಂದ ಬಿಚ್ಚಿದೆ. ಅದನ್ನು ಅಳಿಸಿಲ್ಲ. ಮೇಲೆ ಆಟಗಳ ಹೆಸರು, ಆವೃತ್ತಿ ಸಂಖ್ಯೆ ಮತ್ತು ತಾರೀಖು ಬರೆದು ಎತ್ತಿಟ್ಟಿದ್ದೇನೆ.